ಆ ಪುಟ್ಟ ಚೀಟಿ ಜೋಪಾನ

ಅರಸೀಕೆರೆ ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಹಾಸನ, ಮೈಸೂರಿನ ಕಡೆಗೆ ರೈಲು ಕವಲೊಡೆಯುವ ಊರು. ಹತ್ತಿರದ ಹಳ್ಳಿಯ ಹುಡುಗನೊಬ್ಬ ಅಪ್ಪನ ಬೈಕಿನಲ್ಲಿ ಇಲ್ಲಿಗೆ ಬಂದು, ಹಾಸನದ ಕಾಲೇಜಿಗೆ ರೈಲು ಹಿಡಿಯುತ್ತಾನೆ ಎನ್ನೋಣ. ರೈಲು ಬರುವ ಹೊತ್ತು. ಸ್ಟ್ಯಾಂಡಿನಲ್ಲಿ ಕೊಟ್ಟ ಚೀಟಿಯನ್ನು ಬೈಕಿಗೇ ಸಿಕ್ಕಿಸಿ ಓಡುತ್ತಾನೆ. ಸಂಜೆ ಬಂದು ನೋಡಿದರೆ ಬೈಕೂ ಇಲ್ಲ, ಚೀಟಿಯೂ ಇಲ್ಲ. ಬೈಕಿನ ಸಾಲ ಇನ್ನೂ ತೀರಿಲ್ಲದಿದ್ದರೆ ಆ ಮನೆಯ ಗತಿಯೇನು?

ಚೀಟಿಯ ಮೇಲೆ 'ಕಳುವಾದರೆ ನಾವು ಹೊಣೆಯಲ್ಲ' ಎಂದು ಅಚ್ಚಾಗಿದ್ದರೆ ಎಲ್ಲ ಮುಗಿಯಿತೆಂದು ಕೈಚೆಲ್ಲುವವರೇ ಹೆಚ್ಚು. ಹಾಗೇನಿಲ್ಲ. 1998ರಲ್ಲಿ ದೆಹಲಿಯ ದೊಡ್ಡ ಹೋಟೆಲೊಂದರಲ್ಲಿ, ಕೀಲಿ ಸಹಿತ ಸಿಬ್ಬಂದಿಗೆ ಒಪ್ಪಿಸಿದ್ದ ಕಾರು ಕಳುವಾಯಿತು. ಅಲ್ಲಿನ ಚೀಟಿಯಲ್ಲೂ ಇಂಥದೇ ಷರತ್ತಿತ್ತು. ವಾಹನವನ್ನು ವಹಿಸಿಕೊಂಡ ಮೇಲೆ, ತನ್ನದೇ ನಿರ್ಲಕ್ಷ್ಯಕ್ಕೆ ಆ ಷರತ್ತನ್ನು ಗುರಾಣಿ ಮಾಡಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪಿತ್ತಿತು. ಎಲ್ಲ ಸ್ಟ್ಯಾಂಡುಗಳಿಗೂ ಇದು ಹಾಗೆಯೇ ಅನ್ವಯಿಸುತ್ತದೆಂದಲ್ಲ. ವಾಹನವನ್ನು ಯಾರು, ಹೇಗೆ ವಹಿಸಿಕೊಂಡರು ಎಂಬುದರ ಮೇಲೆ ಹೊಣೆ ನಿಲ್ಲುತ್ತದೆ. ಆದರೆ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ನಿಲ್ಲಬೇಕಾದರೆ ಮೊದಲ ಸಾಕ್ಷಿ ಆ ಚೀಟಿಯೇ. ಅದು ಜೇಬಿನಲ್ಲಿರಲಿ.

ಉಳಿದವು ಸಣ್ಣ ಸಂಗತಿಗಳು. ಹ್ಯಾಂಡಲ್ ಲಾಕ್ ಹಾಕಿ, ಕೀಲಿ ತೆಗೆದದ್ದನ್ನು ಮತ್ತೊಮ್ಮೆ ನೋಡಿ. ಆರ್.ಸಿ. ಪುಸ್ತಕವನ್ನು ವಾಹನದಲ್ಲೇ ಬಿಡಬೇಡಿ. ಡಿಜಿಲಾಕರ್‌ನಲ್ಲಿರುವ ಪ್ರತಿಯನ್ನು ತೋರಿಸಿದರೆ ಸಾಕು. ಎರಡನೆಯ ಕೀಲಿ ಮನೆಯಲ್ಲಿ ಭದ್ರವಾಗಿರಲಿ, ವಿಮೆಯವರು ಕೇಳುತ್ತಾರೆ. ಕೇವಲ ಥರ್ಡ್ ಪಾರ್ಟಿ ವಿಮೆಯಿದ್ದರೆ ಕಳುವಿಗೆ ಪರಿಹಾರವಿಲ್ಲ ಎಂಬುದನ್ನು ಪೋಷಕರು ತಿಳಿದಿರಬೇಕು. ಮಗನಿಗೆ ಹದಿನೆಂಟು ತುಂಬಿ ಲೈಸೆನ್ಸ್ ಬರುವ ತನಕ ಬೈಕಿನ ಕೀಲಿ ಕೊಡಲೇಬಾರದು. 2019ರ ತಿದ್ದುಪಡಿಯ ನಂತರ ಶಿಕ್ಷೆ ತಂದೆತಾಯಿಗೂ ಉಂಟು.

ರಾತ್ರಿ ರೈಲಿಳಿದರೆ ಕತ್ತಲ ಮೂಲೆಗೆ ಒಬ್ಬರೇ ಹೋಗದೆ, ಜೊತೆಯವರೊಂದಿಗೆ ಹೊರಡಿ. ಕೀಲಿಯನ್ನು ಮೊದಲೇ ಕೈಯಲ್ಲಿ ಹಿಡಿದಿರಿ. ಯಾರಾದರೂ ಅಡ್ಡಗಟ್ಟಿ ಹೆದರಿಸಿದರೆ ಬೈಕಿಗಾಗಿ ಹೊಡೆದಾಟ ಬೇಡ. ಬೆಳಕಿರುವ ಕಡೆಗೆ ಓಡಿ, 112ಕ್ಕೆ ಫೋನ್ ಮಾಡಿ.

ಕಳುವಾದದ್ದು ತಿಳಿದ ಕೂಡಲೇ ದೂರು ಕೊಡಿ. ನಿಲ್ದಾಣದ ಜಾಗ ರೈಲ್ವೆ ಪೊಲೀಸರಿಗೆ ಸೇರಿದ್ದೋ ಊರಿನ ಠಾಣೆಗೋ ಎಂದು ಅಲೆಯಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಎಫ್‌ಐಆರ್ ಪ್ರತಿ ಉಚಿತ.

ಆದರೆ ಎಷ್ಟೋ ಮಕ್ಕಳು ಅಪ್ಪನ ಬೈಗುಳಕ್ಕೆ ಹೆದರಿ, ತಾವೇ ಹುಡುಕಲು ಹೊರಟು ಹೊತ್ತು ಕಳೆಯುತ್ತಾರೆ. ಕಳ್ಳನಿಗೆ ಬೇಕಾದದ್ದೂ ಅದೇ. ಆದ್ದರಿಂದ ಫೋನ್ ಬಂದಾಗ ತಂದೆತಾಯಿ ಮೊದಲು ಕೇಳಬೇಕಾದದ್ದು ಒಂದೇ ಮಾತು: 'ನೀನು ಕ್ಷೇಮವಾಗಿದ್ದೀಯಾ, ಮಗಾ?' ಬೈಕಿನ ವಿಚಾರ ಆಮೇಲೆ.