ಕ್ಯಾನಿನ ಬಿರುಕಿಗೆ ಅರೆಶಕ್ತಿಯ ಯಂತ್ರ ಬೇಡ



ಒಡೆದ ಅಲ್ಯೂಮಿನಿಯಂ ಕ್ಯಾನುಗಳನ್ನು ಪ್ರತಿ ಸಲ ಪಟ್ಟಣಕ್ಕೆ ಸಾಗಿಸುವ ಬದಲು ನಾಲ್ಕೈದು ಸಂಘಗಳು ಸೇರಿ ಒಂದು ವೆಲ್ಡಿಂಗ್ ಯಂತ್ರ ಕೊಳ್ಳೋಣ ಎಂಬ ಮಾತು ಈಚೆಗೆ ಕೇಳಿಬರುತ್ತಿದೆ. ಯೋಚನೆ ಒಳ್ಳೆಯದೇ. ಆದರೆ ಯಂತ್ರದ ಆಯ್ಕೆಯಲ್ಲಿ ದುಡುಕಿದರೆ ಹಣವೂ ಹೋಗುತ್ತದೆ, ಹಾಲೂ ಕೆಡುತ್ತದೆ. ಕೊಳ್ಳುವುದಾದರೆ ದಪ್ಪ ಅಲ್ಯೂಮಿನಿಯಂ ಬೆಸೆಯುವ ಶಕ್ತಿಯಿರುವ ಯಂತ್ರವನ್ನೇ ಕೊಳ್ಳಿ, ಅಷ್ಟು ಹಣ ಕೂಡದಿದ್ದರೆ ಕೊಳ್ಳಲೇಬೇಡಿ ಎಂಬುದು ನನ್ನ ಅಭಿಪ್ರಾಯ.

ಪಶುವೈದ್ಯರಿಗೇಕೆ ವೆಲ್ಡಿಂಗ್ ಉಸಾಬರಿ ಎಂದು ನೀವು ಕೇಳಬಹುದು. ಹಾಲು ಹುಳಿಯಾಗಿದೆ ಎಂದು ವಾಪಸು ಬಂದರೆ ಮೊದಲ ಅನುಮಾನ ಹಸುವಿನ ಮೇಲೆ, ಕರೆ ನಮಗೆ. ಕೆಚ್ಚಲು ಬಾವು ಇಲ್ಲ, ಆಗತಾನೆ ಕರೆದ ಹಾಲು ಚೆನ್ನಾಗಿಯೇ ಇದೆ ಎಂದಾದರೆ ಮುಂದೆ ನೋಡಬೇಕಾದದ್ದು ಪಾತ್ರೆಯನ್ನು. ಕ್ಯಾನಿನ ತಳದ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ, ಇಲ್ಲವೇ ಹಳೆಯ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದರೆ, ಹಾಲಿನ ಜಿಡ್ಡು ಅಲ್ಲಿ ಕೂರುತ್ತದೆ. ಬ್ರಷ್ಷು ಅಲ್ಲಿಗೆ ತಲುಪದು. ಬ್ಯಾಕ್ಟೀರಿಯಾಗಳಿಗೆ ಅದಕ್ಕಿಂತ ಒಳ್ಳೆಯ ಮನೆ ಬೇರೆ ಬೇಕಿಲ್ಲ. ಅಂಥ ಒಂದು ಕ್ಯಾನಿನ ಹಾಲು ಬಿಎಂಸಿಗೆ ಬಿದ್ದರೆ ಇಡೀ ಟ್ಯಾಂಕಿನ ಗುಣಮಟ್ಟ ಇಳಿಯುತ್ತದೆ. ಶುಚಿಯಾಗಿ ಹಾಲು ಕರೆದವರೂ ಆ ನಷ್ಟದಲ್ಲಿ ಪಾಲುದಾರರಾಗುತ್ತಾರೆ.

ಕಬ್ಬಿಣದ ಗೇಟು, ನೇಗಿಲು ಬೆಸೆಯುವ ಸಾಮಾನ್ಯ ಯಂತ್ರ ಇದಕ್ಕೆ ಏಕೆ ಆಗದು? ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಆದರೆ ಅದರ ಮೈಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗೂ ಹೆಚ್ಚು ಬೇಕು. ಪೊರೆ ಒಡೆಯುವ ಮೊದಲೇ ಒಳಗಿನ ಲೋಹ ನೀರಾಗಿ ಜಾರುತ್ತದೆ. ಎಸಿ ಟಿಗ್ ಯಂತ್ರದಲ್ಲಿ ವಿದ್ಯುತ್ತು ದಿಕ್ಕು ಬದಲಿಸುತ್ತಾ ಆ ಪೊರೆಯನ್ನು ಕಿತ್ತುಹಾಕುತ್ತದೆ. ಇನ್ನೊಂದು ತೊಡಕೂ ಇದೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಶಾಖವನ್ನು ಸಾಗಿಸಿಬಿಡುತ್ತದೆ. ಯಂತ್ರಕ್ಕೆ ಶಕ್ತಿ ಸಾಲದಿದ್ದರೆ ಲೋಹ ಮೇಲ್ಮೇಲೆ ಅಂಟಿದಂತೆ ಕಾಣುತ್ತದೆ, ಬಿರುಕು ಒಳಗೆ ಹಾಗೆಯೇ ಉಳಿಯುತ್ತದೆ. ನಮ್ಮ ಹಾಲು ಕೆಡುವುದು ಇಲ್ಲೇ.

ಕೊಳ್ಳುವ ಮೊದಲು ಅಂಗಡಿಯಲ್ಲಿ ಈ ನಾಲ್ಕು ಪ್ರಶ್ನೆ ಕೇಳಿ.

1. ಇದು ಎಸಿ ಟಿಗ್ ಹೌದೇ? ಹೆಸರಿನಲ್ಲಿ 'ಟಿಗ್ 200' ಎಂದಿದ್ದರೂ ಡಿಸಿ ಮಾತ್ರ ಕೊಡುವ ಯಂತ್ರಗಳು ಬಹಳ ಇವೆ. ಅವು ಸ್ಟೀಲಿಗೆ ಸರಿ, ನಮ್ಮ ಕ್ಯಾನಿಗಲ್ಲ. ಎಸಿ ಮತ್ತು ಡಿಸಿ ಎರಡೂ ಇರುವುದನ್ನೇ ಕೇಳಿ.

2. ಎಷ್ಟು ಆಂಪಿಯರ್? ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪಿಯರ್ ಎಂಬುದು ಅಂದಾಜು ಲೆಕ್ಕ. 3 ಮಿ.ಮೀ.ಗೆ 120, 5 ಮಿ.ಮೀ.ಗೆ 200, 6 ಮಿ.ಮೀ.ಗೆ 240. ಕ್ಯಾನಿನ ಮೈ ತೆಳು ಎಂದು ಮೋಸಹೋಗಬೇಡಿ. ಒಡೆಯುವುದು ಹೆಚ್ಚಾಗಿ ಹಿಡಿಯ ಬುಡ, ತಳದ ಅಂಚು. ಅಲ್ಲಿ ಲೋಹ ದಪ್ಪ. ಅಳತೆ ಹಿಡಿದು ನೋಡಿಯೇ ಹೋಗಿ. ನನ್ನ ಸಲಹೆ 250 ಆಂಪಿಯರ್.

3. ಡ್ಯೂಟಿ ಸೈಕಲ್ ಎಷ್ಟು? ಶೇ. 60 ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಪೂರ್ಣ ಶಕ್ತಿಯಲ್ಲಿ ದುಡಿಯಬಲ್ಲದು. ಶೇ. 20 ಎಂದರೆ ಎರಡೇ ನಿಮಿಷ. ಆಂಪಿಯರನ್ನು ದೊಡ್ಡ ಅಕ್ಷರದಲ್ಲೂ ಇದನ್ನು ಸಣ್ಣ ಅಕ್ಷರದಲ್ಲೂ ಬರೆದಿರುತ್ತಾರೆ. ಸಣ್ಣ ಅಕ್ಷರವನ್ನೇ ಮೊದಲು ಓದಿ.

4. ಕರೆಂಟು ಯಾವುದು ಬೇಕು? ದೊಡ್ಡ ಯಂತ್ರಕ್ಕೆ ತ್ರೀ ಫೇಸ್ ಬೇಕು. ವೋಲ್ಟೇಜ್ ಕುಸಿಯುವ ಸಿಂಗಲ್ ಫೇಸ್ ಲೈನಿಗೆ ಹಾಕಿದರೆ ಬರೆದ ಶಕ್ತಿ ಕೈಗೆ ಸಿಗದು. ಯಂತ್ರವನ್ನು ಎಲ್ಲಿ ಇಡುತ್ತೀರಿ ಎಂಬುದನ್ನು ಬೆಲೆ ಕೇಳುವ ಮೊದಲೇ ತೀರ್ಮಾನಿಸಿ.

ಬೆಲೆಯ ಜೊತೆಗೆ ಶುದ್ಧ ಆರ್ಗಾನ್ ಗ್ಯಾಸಿನ ಖರ್ಚನ್ನೂ ಸೇರಿಸಿ. 7 ಘನ ಮೀಟರ್ ಸಿಲಿಂಡರನ್ನು ನಿಮಿಷಕ್ಕೆ 10 ಲೀಟರಿನಂತೆ ಬಿಟ್ಟರೆ ಸುಮಾರು ಹನ್ನೊಂದೂವರೆ ಗಂಟೆ ಬರುತ್ತದೆ. ತರಬೇತಿ ಪಡೆದ ಒಬ್ಬ ಕೆಲಸಗಾರನೂ ಬೇಕು. ಆತನಿಲ್ಲದೆ ಎಂಥ ಯಂತ್ರವೂ ಮೂಲೆಗುಂಪು.

"ಸಣ್ಣದು ಕಡಿಮೆ ಬೆಲೆಗೆ ಸಿಗುತ್ತದೆ, ಸದ್ಯಕ್ಕೆ ಸಾಕು" ಎನ್ನುವವರಿದ್ದಾರೆ. ಸಂಘದ ಹಣ ಸದಸ್ಯರ ಬೆವರು, ಎಚ್ಚರದ ಮಾತು ತಪ್ಪಲ್ಲ. ಆದರೆ ತಿಂಗಳಲ್ಲಿ ಒಂದೆರಡು ಕ್ಯಾನು ಮಾತ್ರ ಒಡೆಯುವುದಾದರೆ ಸಣ್ಣ ಯಂತ್ರವೂ ಬೇಡ. ಎಸಿ ಟಿಗ್ ಇರುವ ಪಟ್ಟಣದ ಅಂಗಡಿಗೆ ಕೊಟ್ಟು ಮಾಡಿಸುವುದೇ ಅಗ್ಗ. ಕ್ಯಾನುಗಳು ಹೆಚ್ಚಿದ್ದರೆ ಇನ್ನೂ ಎರಡು ಸಂಘಗಳನ್ನು ಸೇರಿಸಿಕೊಂಡು ಸರಿಯಾದುದನ್ನು ಕೊಳ್ಳಿ. ನಡುವಿನ ದಾರಿಯಲ್ಲಿ ಎರಡೂ ಕಡೆಯ ನಷ್ಟವಿದೆ.

ಬೆಸುಗೆ ಎಲ್ಲೇ ಆಗಲಿ, ಮೊದಲು ಕ್ಯಾನನ್ನು ಜಿಡ್ಡಿಲ್ಲದಂತೆ ತೊಳೆದು ಚೆನ್ನಾಗಿ ಒಣಗಿಸಿ. ಜಿಡ್ಡು, ತೇವ ಉಳಿದರೆ ಬೆಸುಗೆಯಲ್ಲಿ ತೂತು ಬೀಳುವುದು ಖಂಡಿತ. ಕಬ್ಬಿಣಕ್ಕೆ ಬಳಸದ ಸ್ಟೇನ್‌ಲೆಸ್ ಸ್ಟೀಲ್ ಬ್ರಷ್ಷಿನಿಂದಲೇ ಉಜ್ಜಬೇಕು. ಕೆಲಸ ಮುಗಿದ ಮೇಲೆ ಒಳಭಾಗವನ್ನು ನುಣುಪಾಗಿಸಿ, ರಾತ್ರಿಯಿಡೀ ನೀರು ತುಂಬಿಸಿಟ್ಟು ಬೆಳಿಗ್ಗೆ ಹೊರಗೆ ತೇವ ಕಂಡಿದೆಯೇ ನೋಡಿ. ಬೆರಳಿಗೆ ಒರಟು ತಗುಲಿದರೆ ಆ ಕ್ಯಾನಿಗೆ ಹಾಲು ಹಾಕಬೇಡಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಿರುಕು ಬಿಟ್ಟ ಕ್ಯಾನನ್ನು ಗುಜರಿಗೆ ಹಾಕಿ.

ಮುಂದಿನ ಆಡಳಿತ ಮಂಡಳಿ ಸಭೆಗೆ ಯಂತ್ರದ ಬೆಲೆಪಟ್ಟಿಯ ಜೊತೆಗೆ ನಿಮ್ಮ ಸಂಘದ ಒಡೆದ ಕ್ಯಾನುಗಳ ಲೆಕ್ಕ ಮತ್ತು ಅವುಗಳ ದಪ್ಪದ ಅಳತೆ ಬರಲಿ. ಆ ಎರಡು ಅಂಕಿ ಮುಂದಿದ್ದರೆ ತೀರ್ಮಾನ ತಪ್ಪುವುದು ಕಷ್ಟ.