ಪರೀಕ್ಷಕನಿಗೂ ಒಂದು ಪರೀಕ್ಷೆ

ನೆರೆಮನೆಯ ಬಾಲಿಕೆಯೊಬ್ಬಳು ಈಚೆಗೆ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯನ್ನು ಕಲಿಯತೊಡಗಿರುವಳು. ೧೯೯೫ರಲ್ಲಿ ಬ್ರೆಂಡನ್ ಐಕ್ ಎಂಬವರು ನಿರ್ಮಿಸಿದ ಭಾಷೆಯಿದು. ಆಕೆಯ ಪ್ರಥಮ ಕೃತಿಯು ಹತ್ತು ಪ್ರಶ್ನೆಗಳ ಒಂದು ರಸಪ್ರಶ್ನೆ. ತಮ್ಮನನ್ನು ಕುಳ್ಳಿರಿಸಿ ಪರೀಕ್ಷೆಯನ್ನಾರಂಭಿಸಿದಳು. "ಕಾವೇರಿಯು ಹುಟ್ಟುವುದು ಯಾವ ಜಿಲ್ಲೆಯಲ್ಲಿ?" ಎಂಬುದಕ್ಕೆ ಹುಡುಗನು "ಕೊಡಗು" ಎಂದು ಬರೆದನು. ಯಂತ್ರವು "ತಪ್ಪು" ಎಂದಿತು. ಹುಡುಗನ ಮುಖ ಬಾಡಿತು. "ಹಾಗಾದರೆ ಕೊಡಗಲ್ಲವೇನೋ" ಎಂದು, ತಿಳಿದಿದ್ದುದನ್ನೇ ಬಿಟ್ಟುಕೊಡಲು ಸಿದ್ಧನಾದನು!

"ಮೇಷ್ಟ್ರೇ, ನೀವೇ ನೋಡಿ" ಎಂದು ಇಬ್ಬರೂ ನನ್ನಲ್ಲಿಗೆ ಬಂದರು.

ದೋಷವು ಅತ್ಯಲ್ಪವಾದುದು. ಹುಡುಗನು ಪದದ ಕೊನೆಯಲ್ಲಿ ತೆರಪಿನ ಕೀಲಿಯನ್ನೊಮ್ಮೆ ಒತ್ತಿದ್ದನು. ನಮ್ಮ ಕಣ್ಣಿಗೆ ಅದು ಶೂನ್ಯ. ಯಂತ್ರಕ್ಕಾದರೋ ಅದೂ ಒಂದು ಅಕ್ಷರ. 'ಟ್ರಿಮ್' ಎಂಬ ಆಜ್ಞೆಯು ಹಿಂದುಮುಂದಿನ ತೆರಪುಗಳನ್ನು ಕತ್ತರಿಸುವುದು. ಕನ್ನಡದಲ್ಲಿ ಇನ್ನೊಂದು ತೊಡಕುಂಟು. 'ಕೊ' ಎಂಬಲ್ಲಿಯ ಒತ್ವವನ್ನು ಒಂದೇ ಸಂಕೇತವಾಗಿಯೂ, ಎತ್ವ ಊತ್ವಗಳ ಜೋಡಿಯಾಗಿಯೂ ಬರೆಯಲು ಯೂನಿಕೋಡಿನಲ್ಲಿ ಎಡೆಯಿರುವುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಆದುದರಿಂದ ವಿದ್ಯಾರ್ಥಿಯ ಉತ್ತರವನ್ನೂ ನಮ್ಮ ಉತ್ತರವನ್ನೂ 'ನಾರ್ಮಲೈಸ್' ಎಂಬ ಆಜ್ಞೆಯಿಂದ ಏಕರೂಪಕ್ಕೆ ತಂದು ಬಳಿಕ ಹೋಲಿಸತಕ್ಕದ್ದು. "ಕೊಡಗು ಜಿಲ್ಲೆ" ಎಂದು ಬರೆದವನೂ ತಪ್ಪಿತಸ್ಥನಲ್ಲವಷ್ಟೆ! ಒಪ್ಪತಕ್ಕ ಉತ್ತರಗಳೆಲ್ಲವನ್ನೂ ಮೊದಲೇ ಬರೆದಿರಿಸುವುದು ಲೇಸು. ಉತ್ತರಿಸದೆ ರದ್ದುಮಾಡಿದವನಿಂದ ಪ್ರಾಂಪ್ಟ್ ಪೆಟ್ಟಿಗೆಯು 'ನಲ್' ಎಂಬ ಅಭಾವವನ್ನು ಮಾತ್ರ ತರುವುದು. ಅದನ್ನು ಮೊದಲೇ ವಿಚಾರಿಸದೆ ಟ್ರಿಮ್ ಮಾಡಹೋದರೆ ಪ್ರೋಗ್ರಾಮೇ ನಿಂತುಹೋಗುವುದು.

ಇವನ್ನೆಲ್ಲ ಎಲ್ಲಿ ತಿದ್ದುವುದು? ಬಾಲಿಕೆಯು ಹತ್ತು ಪ್ರಶ್ನೆಗಳಿಗೆ ಹತ್ತು ಸಲ ಅದೇ ಹೋಲಿಕೆಯನ್ನು ಬರೆದಿದ್ದಳು. ಒಂಬತ್ತು ಕಡೆ ತಿದ್ದಿ ಒಂದನ್ನು ಮರೆತರೆ ಅಲ್ಲಿ ಅನ್ಯಾಯವು ಹಾಗೆಯೇ ಉಳಿಯುವುದು. ಆಗ ನನಗೆ ಪಾಣಿನಿಯ ನೆನಪಾಯಿತು. ಸುಮಾರು ೨೦೦೦ ಧಾತುಗಳು ಧಾತುಪಾಠದಲ್ಲಿವೆ. ಸುಮಾರು ೪೦೦೦ ಸೂತ್ರಗಳು ಅಷ್ಟಾಧ್ಯಾಯಿಯಲ್ಲಿವೆ. ಧಾತುಧಾತುವಿಗೂ ಸೂತ್ರವನ್ನು ಮತ್ತೆ ಬರೆಯುವ ಶ್ರಮವಿಲ್ಲ. ಅಂತೆಯೇ ಪ್ರಶ್ನೋತ್ತರಗಳನ್ನು 'ಅರೇ' ಎಂಬ ಒಂದು ಪಟ್ಟಿಯಲ್ಲಿಟ್ಟು, ಹೋಲಿಸುವ ನಿಯಮವನ್ನು ಒಮ್ಮೆಯೇ ಬರೆದು, 'ಲೂಪ್' ಎಂಬ ಆವರ್ತನದಿಂದ ಪ್ರತಿಯೊಂದು ಪ್ರಶ್ನೆಗೂ ಅನ್ವಯಿಸಬಹುದು. ಒಟ್ಟು ಅಂಕವನ್ನು ಹತ್ತೆಂದು ಬರೆಯದೆ ಪಟ್ಟಿಯ ಉದ್ದದಿಂದಲೇ ಪಡೆದರೆ, ನಾಳೆ ಪ್ರಶ್ನೆಗಳು ಹದಿನೈದಾದರೂ ಲೆಕ್ಕ ತಪ್ಪದು.

ಮಾರನೆಯ ದಿನ ಬಾಲಿಕೆಯು ಎಲ್ಲವನ್ನೂ ತಿದ್ದಿ ತಂದಳು. ನಾವು ಸರಿಯುತ್ತರಗಳನ್ನು ಮಾತ್ರವಲ್ಲದೆ ಬೇಕೆಂದೇ ತಪ್ಪುತ್ತರಗಳನ್ನೂ ಕೊಟ್ಟು ನೋಡಿದೆವು. ದಯೆಯ ನೆಪದಲ್ಲಿ ತಪ್ಪು ನುಸುಳಬಾರದಷ್ಟೆ. ತಪ್ಪಾದಲ್ಲಿ ಸರಿಯುತ್ತರವನ್ನು ತೋರಿಸುವ ಸಾಲೊಂದನ್ನೂ ಆಕೆ ತಾನಾಗಿಯೇ ಸೇರಿಸಿದ್ದಳು. ಅದು ನನಗೆ ಬಹಳ ಮೆಚ್ಚಿಕೆಯಾಯಿತು.

ದೀರ್ಘಕಾಲ ಉತ್ತರಪತ್ರಿಕೆಗಳನ್ನು ತಿದ್ದಿದ ನನ್ನ ಕೆಂಪು ಶಾಯಿಯೂ, ಅಕ್ಷರವು ಅಂದವಾಗಿಲ್ಲವೆಂಬ ಕಾರಣದಿಂದ, ಎಷ್ಟು ಸರಿಯುತ್ತರಗಳನ್ನು ಅಳಿಸಿತೋ! ಮಗುವು ಪರೀಕ್ಷಕನ ಮಾತನ್ನು ನಂಬುವುದು. ಆದುದರಿಂದ "ತಪ್ಪು" ಎನ್ನುವ ಮುನ್ನ ಪರೀಕ್ಷಕನು, ಆತ ಮನುಷ್ಯನಾಗಲಿ ಯಂತ್ರವಾಗಲಿ, ತನ್ನ ಅಳತೆಗೋಲನ್ನು ಒಮ್ಮೆ ಅಳೆದುಕೊಳ್ಳತಕ್ಕದ್ದು.