ಯಂತ್ರವಿಚಾರ: ಲಾರಿಯ ವೇಗಮಾಪಕದ ಸುಳ್ಳು ಸಾಕ್ಷ್ಯ

ಒಂದೇ ಲಾರಿಯನ್ನು ನಂಬಿ ಸಂಸಾರವನ್ನು ಸಾಗಿಸತಕ್ಕ ಗೃಹಸ್ಥರು ನಮ್ಮಲ್ಲಿ ಅನೇಕರುಂಟು. ಗಾಡಿಯು ಎಷ್ಟು ದೂರ ನಡೆಯಿತು, ಎಷ್ಟು ಎಣ್ಣೆಯನ್ನು ಉಂಡಿತು ಎಂಬ ಎರಡು ಅಂಕಿಗಳ ಮೇಲೆಯೇ ಅಂಥವರ ಮನೆಯ ಜಮಾಖರ್ಚು ನಿಂತಿರುತ್ತದೆ. ಈ ದೂರಕ್ಕೆ ಸಾಕ್ಷಿ ಚಾಲಕನ ಕಣ್ಣೆದುರಿನ ವೇಗಮಾಪಕ. ಆ ಸಾಕ್ಷಿಯೇ ಸುಳ್ಳು ನುಡಿದರೆ ಏನಾದೀತೆಂಬುದನ್ನು ನಮ್ಮ ನೆರೆಯವರೊಬ್ಬರ ಅನುಭವದಿಂದ ವಾಚಕರಿಗೆ ತಿಳಿಸಬೇಕೆಂದಿದ್ದೇನೆ.

ಅವರ ಲಾರಿಯ ಗೇರುಪೆಟ್ಟಿಗೆ ಕೆಟ್ಟಿತ್ತು. ಬೇರೊಂದು ಗಾಡಿಯಿಂದ ಕಳಚಿದ ಪೆಟ್ಟಿಗೆಯನ್ನು ತಂದು ಕೂಡಿಸಿದರು. ಅದರಲ್ಲಿದ್ದ ವೇಗದ ಸೆನ್ಸರು ಬೇರೆ ಜಾತಿಯದು. ಕಾರ್ಖಾನೆಯವರು ತಂತಿಗಳನ್ನು ಬದಲಾಯಿಸಿ ಜೋಡಿಸಿಕೊಟ್ಟರು, ಮುಳ್ಳು ಆಡಿತು, ಎಲ್ಲರೂ ಸಂತುಷ್ಟರಾದರು. ಆದರೆ ಮೊದಲು ಲೀಟರಿಗೆ 4 ಕಿಲೋಮೀಟರು ನಡೆಯುತ್ತಿದ್ದ ಗಾಡಿ ಆ ತಿಂಗಳಿನಿಂದ 3ಕ್ಕೆ ಇಳಿಯಿತು. ಯಜಮಾನರಿಗೆ ಸಂಶಯ ಬಂದುದು ಯಂತ್ರದ ಮೇಲಲ್ಲ, ಚಾಲಕನ ಮೇಲೆ. ಹನ್ನೊಂದು ವರುಷ ಅವರ ಅನ್ನವನ್ನುಂಡ ಮನುಷ್ಯನು ಡೀಸೆಲನ್ನು ಕದ್ದು ಮಾರುತ್ತಿದ್ದಾನೆಂದು ಬಾಯಿ ಬಿಟ್ಟು ಹೇಳಿಯೂ ಬಿಟ್ಟರು.

ಚಾಲಕನು ವಾದ ಮಾಡಲಿಲ್ಲ. "ಕೆಲಸದಿಂದ ತೆಗೆಯುವ ಮೊದಲು ಒಮ್ಮೆ ನನ್ನ ಪಕ್ಕದಲ್ಲಿ ಕುಳಿತು ಬನ್ನಿ, ಗಡಿಯಾರವನ್ನು ಮರೆಯಬೇಡಿ" ಎಂದಷ್ಟೇ ಕೇಳಿಕೊಂಡನು. ಹೆದ್ದಾರಿಯಲ್ಲಿ ಮುಳ್ಳು 45ರ ಮೇಲೆ ನಿಲ್ಲುವಂತೆ ಸಮವೇಗದಲ್ಲಿ ಗಾಡಿಯನ್ನು ನಡೆಸಿದನು. ಯಜಮಾನರು ಕಿಲೋಮೀಟರು ಕಲ್ಲುಗಳನ್ನು ಎಣಿಸಿದರು. ಗಂಟೆಗೆ 45ರ ವೇಗದಲ್ಲಿ ಐದು ಕಿಲೋಮೀಟರಿಗೆ 6 ನಿಮಿಷ 40 ಸೆಕೆಂಡು ಹಿಡಿಯಬೇಕು. ಹಿಡಿದದ್ದು ಸರಿಯಾಗಿ 5 ನಿಮಿಷ. ಗಾಡಿಯ ನಿಜವಾದ ವೇಗ 60! ಐದು ಕಿಲೋಮೀಟರು ನಡೆದುದಕ್ಕೆ ಮಾಪಕವು ಮೂರೂಮುಕ್ಕಾಲನ್ನು ಮಾತ್ರ ಬರೆದುಕೊಂಡಿತ್ತು. ಎಣ್ಣೆ ಎಲ್ಲಿಯೂ ಸೋರಿರಲಿಲ್ಲ; ದೂರವು ಸೋರಿತ್ತು.

ಇದಕ್ಕೆ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಹಳೆಯ ಗಾಡಿಗಳಲ್ಲಿ ಗೇರುಪೆಟ್ಟಿಗೆಯಿಂದ ಬಳುಕುವ ಕೇಬಲ್ಲೊಂದು ಬಂದು ಮಾಪಕದೊಳಗಿನ ಅಯಸ್ಕಾಂತವನ್ನು ತಿರುಗಿಸುತ್ತಿತ್ತು. ಈಗಿನವುಗಳಲ್ಲಿ ಕೇಬಲ್ಲಿಗೆ ಬದಲು ತಂತಿ. ಗೇರುಪೆಟ್ಟಿಗೆಯಿಂದ ಹಿಂದಿನ ಅಚ್ಚಿಗೆ ಹೋಗುವ ದಂಡವು ತಿರುಗಿದಂತೆಲ್ಲ ಹಲ್ಲುಗಾಲಿಯೊಂದರ ಹಲ್ಲುಗಳು ಸೆನ್ಸರಿನ ಮುಂದೆ ಹಾದುಹೋಗುತ್ತವೆ. ಹಲ್ಲಿಗೊಂದರಂತೆ ವಿದ್ಯುತ್ತಿನ ಮಿಡಿತ ಹೊರಡುತ್ತದೆ. ಮಾಪಕಕ್ಕೆ ರಸ್ತೆಯು ಕಾಣದು. ಅದು ಮಿಡಿತಗಳನ್ನು ಎಣಿಸಬಲ್ಲದು, ಅಷ್ಟೇ.

ನಮ್ಮ ನೆರೆಯವರ ಲಾರಿಯ ಚಕ್ರವು ಒಂದು ಸುತ್ತಿಗೆ 3.2 ಮೀಟರು ಉರುಳುತ್ತದೆ. ಎಂದರೆ ಕಿಲೋಮೀಟರಿಗೆ 312.5 ಸುತ್ತು. ಚಕ್ರವು ಒಮ್ಮೆ ಸುತ್ತುವಷ್ಟರಲ್ಲಿ ದಂಡವು ಆರು ಸಲ ಸುತ್ತುವುದರಿಂದ ಕಿಲೋಮೀಟರಿಗೆ ದಂಡದ ಸುತ್ತು 1875. ಹಳೆಯ ಸೆನ್ಸರು ಸುತ್ತಿಗೆ 8 ಮಿಡಿತಗಳಂತೆ 15,000ವನ್ನು ಕಳುಹಿಸುತ್ತಿತ್ತು. ಹೊಸದು 6ರಂತೆ 11,250ನ್ನು ಕಳುಹಿಸಿತು. 15,000 ಬಂದರೆ ಒಂದು ಕಿಲೋಮೀಟರೆಂದು ಕಲಿತಿದ್ದ ಮಾಪಕವು ಮುಕ್ಕಾಲು ಕಿಲೋಮೀಟರೆಂದು ಬರೆದುಕೊಂಡುದರಲ್ಲಿ ಅದರ ತಪ್ಪೇನು? ತಂತಿಯ ಕೆಲಸ ನಿರ್ದೋಷವಾಗಿತ್ತು; ಗಣಿತವನ್ನು ಮಾಡಿದವರಿರಲಿಲ್ಲ.

ತಂತಿಯ ಕೆಲಸವಾದರೂ ಸುಲಭವೆಂದು ತಿಳಿಯಬಾರದು. ಹಳೆಯದು ಎರಡು ತಂತಿಯ ಸುರುಳಿ ಸೆನ್ಸರು. 1831ರಲ್ಲಿ ಫ್ಯಾರಡೆ ಮಹಾಶಯನು ತೋರಿಸಿದ ಪ್ರೇರಣೆಯ ತತ್ತ್ವದಂತೆ ಅದು ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಗಾಡಿ ನಿಧಾನವಾದರೆ ಅದರ ದನಿಯೂ ಕ್ಷೀಣಿಸುತ್ತದೆ. ಹೊಸದು ಮೂರು ತಂತಿಯದು. 1879ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿ ಕಂಡುಹಿಡಿದ ಪರಿಣಾಮವನ್ನು ಆಶ್ರಯಿಸಿದ್ದು. ನಿಧಾನಗತಿಯಲ್ಲಿಯೂ ಅದರ ಮಿಡಿತ ಕುಂದದು. ಆದರೆ ಅದಕ್ಕೆ ಹೊರಗಿನಿಂದ ವಿದ್ಯುತ್ತನ್ನು ಊಡಬೇಕು. ಒಂದು ತಂತಿ ವಿದ್ಯುತ್ತಿಗೆ, ಒಂದು ಭೂಸಂಪರ್ಕಕ್ಕೆ, ಮತ್ತೊಂದು ಮಿಡಿತಕ್ಕೆ.

ಎಚ್ಚರವಿರಬೇಕಾದುದು ಇಲ್ಲಿಯೇ. ದೊಡ್ಡ ಲಾರಿಗಳ ಬ್ಯಾಟರಿ ಸಾಮಾನ್ಯವಾಗಿ 24 ವೋಲ್ಟಿನದು. ಸೆನ್ಸರುಗಳಲ್ಲಿ 5 ವೋಲ್ಟಿನವುಂಟು, 12 ವೋಲ್ಟಿನವುಂಟು. ತಂತಿಯ ಬಣ್ಣವನ್ನು ನಂಬಿ ಜೋಡಿಸಿದರೆ ಸೆನ್ಸರು ಕ್ಷಣದಲ್ಲಿ ಸುಟ್ಟುಹೋದೀತು. ತಯಾರಕರ ಪತ್ರಿಕೆಯನ್ನು ಓದಿ, ವೋಲ್ಟ್ ಮೀಟರಿನಿಂದ ಪರೀಕ್ಷಿಸಿ, ತಕ್ಕ ಫ್ಯೂಸನ್ನು ಹಾಕಿದ ಬಳಿಕವೇ ಜೋಡಿಸತಕ್ಕದ್ದು. ಮಿಡಿತದ ತಂತಿಯನ್ನು ಹಾರನ್ನು, ಆಲ್ಟರ್ನೇಟರುಗಳ ತಂತಿಗಳಿಂದ ದೂರವಿಡಬೇಕು. ಇಲ್ಲವಾದರೆ ಅವುಗಳ ಗದ್ದಲವನ್ನೂ ಮಾಪಕವು ಮಿಡಿತವೆಂದೇ ಎಣಿಸೀತು. ಸುರುಳಿಯ ಅಲೆಗಾಗಿ ಮಾಡಿದ ಮಾಪಕವು ಹೊಸ ಮಿಡಿತವನ್ನು ಗ್ರಹಿಸಲಾರದೆ ಹೋದರೆ ನಡುವೆ ಒಂದು ಪರಿವರ್ತಕವನ್ನು ಇಡಬೇಕಾಗುತ್ತದೆ.

ಲೆಕ್ಕವನ್ನು ಸರಿಪಡಿಸಲು ದಾರಿ ಎರಡು. ಮಾಪಕದಲ್ಲಿ ಅಂಕಿಯನ್ನು ಬದಲಿಸುವ ಅನುಕೂಲವಿದ್ದರೆ 15,000ದ ಸ್ಥಳದಲ್ಲಿ 11,250 ಎಂದು ಬರೆಯಿಸುವುದು. ಇಲ್ಲದಿದ್ದರೆ ಮೂರು ಮಿಡಿತ ಬಂದರೆ ನಾಲ್ಕನ್ನು ಕೊಡುವ ಪರಿವರ್ತಕವನ್ನು ಕೂಡಿಸುವುದು. ಟೈರಿನ ಅಳತೆಯಾಗಲಿ ಹಿಂದಿನ ಅಚ್ಚಿನ ಹಲ್ಲುಗಳ ಪ್ರಮಾಣವಾಗಲಿ ಬದಲಾದಾಗಲೂ ಈ ಲೆಕ್ಕವನ್ನು ಪುನಃ ಮಾಡಬೇಕು.

ಮಾಪಕವು ನಿಜವೇಗಕ್ಕಿಂತ ತುಸು ಹೆಚ್ಚನ್ನು ತೋರಿಸಿದರೂ ತೋರಿಸಬಹುದು, ಕಡಮೆಯನ್ನು ಎಂದಿಗೂ ತೋರಿಸಕೂಡದೆಂದು ವಿಶ್ವಸಂಸ್ಥೆಯ 39ನೆಯ ವಾಹನನಿಯಮವು ವಿಧಿಸುತ್ತದೆ. ಇದು ವಿವೇಕದ ಮಾತು. ಕೆಟ್ಟು ನಿಂತ ಮುಳ್ಳನ್ನು ಯಾರೂ ನಂಬುವುದಿಲ್ಲ. ಕಡಮೆ ತೋರಿಸುವ ಮುಳ್ಳನ್ನು ನಂಬಿ ಚಾಲಕನು ತಿರುವಿನಲ್ಲಿ ಮೋಸಹೋಗುತ್ತಾನೆ. 80ಕ್ಕೆ ಕಟ್ಟಿದ ವೇಗನಿಯಂತ್ರಕವೂ ಇದೇ ಮಿಡಿತವನ್ನು ಆಶ್ರಯಿಸಿದ್ದರೆ, ಗಾಡಿಯು 106ನ್ನು ಮುಟ್ಟುವವರೆಗೂ ಅದು ಸುಮ್ಮನಿದ್ದೀತು! ಆದಕಾರಣ ನಿಯಂತ್ರಕವುಳ್ಳ ಲಾರಿಗಳಲ್ಲಿ ಅದರ ಮುದ್ರೆಯನ್ನು ತಾವಾಗಿ ಒಡೆಯದೆ ಅಧಿಕೃತರಿಂದಲೇ ಕೆಲಸವನ್ನು ಮಾಡಿಸತಕ್ಕದ್ದು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆ ಇಲ್ಲಿಗೆ ಸಲ್ಲುತ್ತದೆ. ಕಾರ್ಖಾನೆಯಿಂದ ಗಾಡಿ ಹೊರಬಿದ್ದ ದಿನವೇ ಐದು ಕಿಲೋಮೀಟರು ಕಲ್ಲುಗಳ ನಡುವೆ ಪರೀಕ್ಷೆಯಾಗಲಿ. ಗಡಿಯಾರವು ಪಕ್ಕದಲ್ಲಿ ಕುಳಿತವರ ಕೈಯಲ್ಲಿರಲಿ, ಚಾಲಕನ ಕೈಯಲ್ಲಿ ಬೇಡ.

ನಮ್ಮ ನೆರೆಯವರು ಅಂಕಿಯನ್ನು ತಿದ್ದಿಸಿದ ಮಾರನೆಯ ವಾರ ಲೀಟರಿಗೆ 4 ಕಿಲೋಮೀಟರೆಂದು ಪುಸ್ತಕದಲ್ಲಿ ಬರೆದುಕೊಂಡರು. ಆ ಸಂಜೆ ಚಾಲಕನನ್ನು ಮನೆಯೊಳಕ್ಕೆ ಕರೆದು, ಹೆಂಡತಿ ಮಕ್ಕಳ ಎದುರಿನಲ್ಲಿಯೇ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಅವನು ಈಗಲೂ ಅದೇ ಲಾರಿಯನ್ನು ನಡೆಸುತ್ತಿದ್ದಾನೆ.